ಬಾಕಿ ಉಳಿದ ಎಪಿಸೋಡುಗಳು

ಹಳೆಯ ಸಿನಿಮಾ, ಹಳೆಯ ಧಾರಾವಾಹಿಗಳನ್ನು ಮತ್ತೊಮ್ಮೆ ನೋಡಿ ಎಂದು ಯಾರಾದರೂ ಉಪದೇಶ ಮಾಡಿದರೆ ಮಲೆನಾಡಿನವರಾದ ನಮ್ಮದೊಂದು ಸಣ್ಣ ತಕರಾರಿದೆ. ಮತ್ತೊಮ್ಮೆ ನೋಡಬೇಕಾದರೆ ಮೊದಲು ಒಮ್ಮೆಯಾದರೂ ನೋಡಿರಬೇಕಲ್ಲ ಮಾರಾಯ್ರೇ! 1980–90ರ ದಶಕದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳ್ಳಿಮನೆಗಳಲ್ಲಿ ಬೆಳೆದ ಯಾರನ್ನೇ ಕೇಳಿ. ಒಂದು ಧಾರಾವಾಹಿಯನ್ನು ಮೊದಲಿಂದ ಕೊನೆಯವರೆಗೆ ನೋಡಿದವರು ಸಿಕ್ಕುವುದು ಕಷ್ಟ. ಅರ್ಧ ಕಣ್ಣಾರೆ ಕಂಡದ್ದು, ಕಾಲು ಭಾಗ ಬರೀ ಧ್ವನಿ ಕೇಳಿದ್ದು, ಉಳಿದ ಕಾಲು ಮರುದಿನ ಬಸ್ಸಿಗೆ ಕಾಯುವಾಗ ಯಾರೋ ಹೇಳಿದ್ದು.

ದೋಷ ನಮ್ಮದಲ್ಲ, ಭೂಗೋಳದ್ದು. ನಮ್ಮ ಕಡೆಯ ಮನೆಗಳಿರುವುದು ಗುಡ್ಡದ ಬುಡದಲ್ಲಿ, ತೋಟದ ತಲೆಯಲ್ಲಿ. ದೂರದರ್ಶನದ ತರಂಗಗಳೋ ನೇರ ದಾರಿಯವು. ಗುಡ್ಡ ಅಡ್ಡ ಬಂದರೆ ಬಳಸಿಕೊಂಡು ಬಂದು ಮುಖ ತೋರಿಸುವ ಸೌಜನ್ಯ ಅವಕ್ಕಿಲ್ಲ. ಹಾಗಾಗಿ ಟಿ.ವಿ. ಜಗಲಿಯಲ್ಲಿ, ಆಂಟೆನಾ ಗುಡ್ಡದ ನೆತ್ತಿಯಲ್ಲಿ, ನಡುವೆ ಸೊಪ್ಪಿನಬೆಟ್ಟದ ಮರದಿಂದ ಮರಕ್ಕೆ ಜೋತಾಡುವ ಕಪ್ಪು ವೈರು. ಆಂಟೆನಾ ತಿರುಗಿಸಲು ಮೇಲೊಬ್ಬ, ಕೊಟ್ಟಿಗೆಯ ಹತ್ತಿರ ಇನ್ನೊಬ್ಬ, ಮನೆಯೊಳಗೆ ಮತ್ತೊಬ್ಬ. ‘ಬಂತಾ?’ ಎಂಬ ಪ್ರಶ್ನೆ ಕೆಳಗಿಳಿದು ‘ಬಂತು’ ಎಂಬ ಉತ್ತರ ಮೇಲೆ ಹತ್ತುವಷ್ಟರಲ್ಲಿ ಬಂದದ್ದು ಹೋಗಿರುತ್ತಿತ್ತು.

1987ರ ಜನವರಿಯಲ್ಲಿ ರಮಾನಂದ ಸಾಗರರ ‘ರಾಮಾಯಣ’ ಶುರುವಾದ ಮೇಲೆ ಇನ್ನೊಂದು ತೊಡಕು ಸೇರಿತು. ಭಾನುವಾರ ಬೆಳಗಿನ ಆ ಹೊತ್ತಿಗೇ ಸರಿಯಾಗಿ ಮುಸಿಯಗಳ, ಅಂದರೆ ಕರಿಮೂತಿಯ ಕೋತಿಗಳ, ಹಿಂಡು ಗುಡ್ಡದಿಂದ ಇಳಿಯುತ್ತಿತ್ತು. ಇಳಿಯುವ ದಾರಿಯಲ್ಲಿ ಒಂದೆರಡು ಆಂಟೆನಾ ಹಿಡಿದು ಜೀಕುತ್ತಿದ್ದವು. ಒಳಗೆ ಹನುಮಂತ ಸಮುದ್ರ ಹಾರಲು ಮೈ ಬೆಳೆಸುತ್ತಿದ್ದರೆ ಹೊರಗೆ ಅವನ ಕುಲದವರು ಅವನನ್ನೇ ಅಳಿಸಿಹಾಕುತ್ತಿದ್ದರು. ಅಪ್ಪಯ್ಯ ಕೋವಿಯ ಕಡೆ ನೋಡಿದರೆ ಅಜ್ಜಿ, ‘ಇವತ್ತೊಂದಿನ ಎಂತ ಮಾಡ್ಬೇಡ, ರಾಮಾಯಣ ನೋಡ್ತಾ ಅದನ್ನ ಹೊಡಿತಾರನಾ?’ ಎಂದು ತಡೆಯುತ್ತಿದ್ದಳು. ಸೋಮವಾರ ಬಾಳೆಗೊನೆಗೆ ಕೈಹಾಕಿದ ಅದೇ ಮುಸಿಯಗಳಿಗೆ ಅಜ್ಜಿ ಬೈಯುತ್ತಿದ್ದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಹಿಂದಿ ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ರಾಮಾಯಣಕ್ಕೆ ಅದರಿಂದ ತೊಂದರೆ ಆಗಲಿಲ್ಲ, ಕಥೆ ಎಲ್ಲರಿಗೂ ಗೊತ್ತು. ತೊಂದರೆ ಆದದ್ದು ತಾಳಮದ್ದಲೆಯ ರಸಿಕರಾದ ಅಜ್ಜಯ್ಯನಿಗೆ. ಪ್ರಸಂಗವೊಂದರ ಒಂದೇ ಪದ್ಯಕ್ಕೆ ಅರ್ಥಧಾರಿ ಅರ್ಧ ಗಂಟೆ ಅರ್ಥ ಹೇಳುವುದನ್ನು ಕೇಳಿ ಬೆಳೆದವರು ಅವರು. ಟಿ.ವಿ.ಯ ರಾವಣ ನಾಲ್ಕು ಮಾತಾಡಿ ಗಹಗಹಿಸಿ ಸುಮ್ಮನಾದರೆ, ‘ಇಷ್ಟೇನಾ? ಇವನಿಗೆ ಮಾತೇ ಬರೋದಿಲ್ಲಲ!’ ಎಂದು ಎದ್ದು ಹೋಗುತ್ತಿದ್ದರು. ಭಾಷೆ ಗೊತ್ತಿಲ್ಲದಿದ್ದರೂ ಮಾತು ಸಾಲದು ಎಂದು ತೀರ್ಪು ಕೊಡುವ ಧೈರ್ಯ ಅವರೊಬ್ಬರಿಗೇ ಇತ್ತು.

ಆ ರಾಮಾಯಣವನ್ನು ನಾನು ಪೂರ್ತಿ ನೋಡಿದ್ದು 2020ರಲ್ಲಿ. ಲಾಕ್‌ಡೌನ್ ಆಗಿ ಎಲ್ಲರೂ ಊರು ಸೇರಿಕೊಂಡಿದ್ದಾಗ, ಮಾರ್ಚ್ 28ರಿಂದ ದೂರದರ್ಶನ ಅದನ್ನು ಮತ್ತೆ ಹಾಕಿತು. ಛಾವಣಿಯ ಮೇಲೆ ಡಿಶ್ ಇತ್ತು, ಮನೆಯಲ್ಲಿ ಯುಪಿಎಸ್ ಇತ್ತು, ಮುಸಿಯಗಳಿಗೆ ಜೀಕಲು ಏನೂ ಇರಲಿಲ್ಲ. ನಿಜ ಹೇಳಬೇಕೆಂದರೆ ನಿಧಾನ. ಒಬ್ಬರು ಒಂದು ಮಾತಾಡಿದರೆ ಸಭೆಯಲ್ಲಿರುವವರ ಮುಖವನ್ನೆಲ್ಲ ಸಾಲಾಗಿ ತೋರಿಸಬೇಕು. ಬಿಟ್ಟ ಬಾಣ ಎದುರಿನ ಬಾಣವನ್ನು ಮುಟ್ಟುವಷ್ಟರಲ್ಲಿ ತೋಟಕ್ಕೆ ಹೋಗಿ ಸ್ಪ್ರಿಂಕ್ಲರ್ ಬದಲಿಸಿ ಬರಬಹುದು. ಅಂದು ಕರೆಂಟು ಹೋದಾಗ ಏನೋ ಮಹತ್ತಾದದ್ದು ತಪ್ಪಿಹೋಯಿತೆಂದು ಎಷ್ಟು ಹಲುಬಿದ್ದೆವು! ಬಹುಪಾಲು ತಪ್ಪಿದ್ದು ಆ ಮುಖಗಳೇ. ಆದರೂ ಕೊನೆಯವರೆಗೆ ಕೂತು ನೋಡಿದೆವು. ಮನೆಯಲ್ಲಿ ಪೇಟೆಯ ಮಕ್ಕಳೂ ಇದ್ದರು. ಮಳೆಗಾಲ ಹಿಡಿದ ಮೇಲೆ ಆನ್‌ಲೈನ್ ಕ್ಲಾಸಿಗೆ ನೆಟ್‌ವರ್ಕ್ ಹುಡುಕುತ್ತ ಅವರು ಕೊಡೆ ಹಿಡಿದು ಹತ್ತಿದ್ದು ಹಿಂದೆ ನಾವು ಆಂಟೆನಾ ತಿರುಗಿಸಲು ಹತ್ತುತ್ತಿದ್ದ ಗುಡ್ಡವನ್ನೇ.

‘ಮಾಲ್ಗುಡಿ ಡೇಸ್’ ವಿಷಯ ಮಾತ್ರ ಬೇರೆ. ಅದರಲ್ಲಿ ನಮಗೆ ಪಾಲಿದೆ. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ಧಾರಾವಾಹಿ ಮಾಡಿದರು, ಆಗುಂಬೆಯೇ ಮಾಲ್ಗುಡಿಯಾಯಿತು. ಅಲ್ಲಿನ ದೊಡ್ಡಮನೆ, ಅಲ್ಲಿನ ಬೀದಿ, ಅಲ್ಲಿನ ಜನ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಶುರುವಿಗೆ ಆರ್.ಕೆ. ಲಕ್ಷ್ಮಣರ ಚಿತ್ರಗಳು, ಹಿಂದೆ ಎಲ್. ವೈದ್ಯನಾಥನ್ನರ ಆ ರಾಗ. ಇಂದಿಗೂ ನಮ್ಮ ಕಡೆ ಆ ರಾಗ ಎಲ್ಲಾದರೂ ಕೇಳಿದರೆ ಮಾತಾಡುತ್ತಿದ್ದವರು ಅರೆಗಳಿಗೆ ನಿಲ್ಲಿಸುತ್ತಾರೆ. 1986–87ರಲ್ಲಿ ಅದು ಪ್ರಸಾರವಾದಾಗ ಆದ ಆಶ್ಚರ್ಯ ಒಂದೇ: ನಮ್ಮದೇ ಜಗಲಿ, ನಮ್ಮದೇ ಕಂಬ, ನಮ್ಮದೇ ಹೆಂಚಿನ ಮಾಡು, ಆದರೆ ಅಲ್ಲಿದ್ದವರೆಲ್ಲ ಹಿಂದಿ ಮಾತಾಡುತ್ತಿದ್ದಾರೆ! ಅಜ್ಜಿಗೆ ಇದನ್ನು ಅರಗಿಸಿಕೊಳ್ಳಲು ಬಹಳ ದಿನ ಬೇಕಾಯಿತು. ‘ಘಟ್ಟ ಹತ್ತಿ ಬಂದವ್ರು ನಾಲ್ಕು ದಿನಕ್ಕೆ ನಮ್ ಮಾತು ಕಲೀತಾರೆ, ಇವ್ರಿಗೆ ಎಂತ ಆಗಿತ್ತಂತೆ?’ ಎಂಬುದು ಅವಳ ಪ್ರಶ್ನೆ.

ತೀರ್ಥಹಳ್ಳಿ ಸೀಮೆಯಲ್ಲಿ ಯಾವ ಮದುವೆಮನೆಗೆ ಹೋದರೂ ‘ಮಾಲ್ಗುಡಿ ಡೇಸ್‌ನಲ್ಲಿ ನಮ್ಮ ಮಾವ ಇದ್ದಾರೆ’ ಎನ್ನುವವರೊಬ್ಬರು ಸಿಗುತ್ತಾರೆ. ಊರಿನವರು ಬಹಳ ಮಂದಿ ಅದರಲ್ಲಿ ಕಾಣಿಸಿಕೊಂಡದ್ದು ನಿಜ. ಆದರೆ ಎಲ್ಲರ ಮಾವಂದಿರನ್ನೂ ಕೂಡಿಸಿದರೆ ಮಾಲ್ಗುಡಿ ಶಿವಮೊಗ್ಗಕ್ಕಿಂತ ದೊಡ್ಡ ಪೇಟೆಯಾದೀತು. ಈಗ ಫೋನಿನಲ್ಲಿ ಅದನ್ನು ಮತ್ತೆ ನೋಡುವುದೆಂದರೆ ಕಥೆಗಿಂತ ಹೆಚ್ಚಾಗಿ ಹುಡುಕಾಟ. ನಿಲ್ಲಿಸು, ಹಿಂದೆ ತಗೋ, ಆ ಗಾಡಿಯ ಪಕ್ಕ ಪಂಚೆ ಉಟ್ಟು ನಿಂತವರು ಯಾರು, ದೊಡ್ಡ ಮಾಡು, ಇನ್ನೂ ದೊಡ್ಡ ಮಾಡು. ಸ್ವಾಮಿ ಅಳುತ್ತ ನಿಂತಿದ್ದಾನೆ, ನಾವು ಅವನ ಹೆಗಲಾಚೆ ಇಣುಕುತ್ತಿದ್ದೇವೆ.

ಹೀಗೆ ಇಣುಕುವಾಗಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಬಿಸಿಲು! ದಕ್ಷಿಣದ ಚಿರಾಪುಂಜಿ ಎಂದು ಪಠ್ಯಪುಸ್ತಕದಲ್ಲಿ ಓದಿದ ಊರು, ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು, ಧಾರಾವಾಹಿಯಲ್ಲಿ ಹೆಚ್ಚು ಹೊತ್ತು ಬಿಸಿಲು ಕಾಯಿಸುತ್ತ ಕೂತಿದೆ. ಮಾಲ್ಗುಡಿ ಬಯಲುಸೀಮೆಗೆ ಹತ್ತಿರದ ಊರಾದ್ದರಿಂದ ಹಾಗೆಯೇ ಇರಬೇಕು, ಒಪ್ಪಿದೆ. ಆದರೂ ಆಗುಂಬೆಗೆ ಅದರ ಜನ್ಮದಲ್ಲೇ ಸಿಕ್ಕ ದೊಡ್ಡ ಪಾತ್ರದಲ್ಲಿ ಅದು ಮಳೆಯಿಲ್ಲದ ಊರಿನ ವೇಷ ಹಾಕಬೇಕಾಗಿ ಬಂದದ್ದು ನೋಡಿ.

ಧಾರಾವಾಹಿಯ ರೈಲು ನಿಲ್ದಾಣ ಇರುವುದು ಹೊಸನಗರ ತಾಲೂಕಿನ ಅರಸಾಳಿನಲ್ಲಿ, ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ. ಆ ಹಳೆಯ ಕಟ್ಟಡ ಹಾಳುಬೀಳುತ್ತಿತ್ತು. ಅದನ್ನು ಸರಿಪಡಿಸಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಧಾರಾವಾಹಿಯ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜರೇ ಅದಕ್ಕೂ ಕೈ ಹಾಕಿದರು. ಜೋಗಕ್ಕೆ ಹೋಗುವವರು ಈಗ ಅಲ್ಲಿಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಇಲ್ಲದ ಊರಿನ ಇದ್ದ ಸ್ಟೇಷನ್ನು. ಒಳ್ಳೆಯದೇ ಆಯಿತು. ನಮ್ಮ ಕಡೆ ಇದ್ದ ಊರುಗಳನ್ನೇ ಮುಳುಗಿಸಿ ಲಿಂಗನಮಕ್ಕಿ ಕಟ್ಟಿದ್ದಾರೆ. ಇಲ್ಲದ ಊರೊಂದಾದರೂ ನೆಲೆ ಕಂಡಿತಲ್ಲ.

ಇನ್ನು ಸಿನಿಮಾಗಳು. ಹಳೆಯದೆಂಬ ಒಂದೇ ಕಾರಣಕ್ಕೆ ಹೊಗಳುವ ಜಾತಿಗೆ ನಾನು ಸೇರಿದವನಲ್ಲ. ಸಂಸಾರದ ಕಥೆ ಎಂದು ನಾವು ಕಣ್ಣೀರು ಸುರಿಸಿ ನೋಡಿದ ಎಷ್ಟೋ ಚಿತ್ರಗಳನ್ನು ಇಂದು ಮಗಳ ಜೊತೆ ಕೂತು ನೋಡಲಾಗುವುದಿಲ್ಲ. ಗಂಡ ಕೆನ್ನೆಗೆ ಬಾರಿಸಿದ ಮರುಕ್ಷಣ ಹೆಂಡತಿಗೆ ಬುದ್ಧಿ ಬರುತ್ತದೆ, ಹಿನ್ನೆಲೆಯಲ್ಲಿ ವೀಣೆ. ಮಗಳು ನನ್ನ ಮುಖ ನೋಡುತ್ತಾಳೆ, ನಾನು ರಿಮೋಟ್ ಹುಡುಕುತ್ತೇನೆ.

ಆದರೆ ‘ಗಣೇಶನ ಮದುವೆ’ಗೆ ರಿಮೋಟ್ ಹುಡುಕಬೇಕಾಗಿಲ್ಲ. ಫಣಿ ರಾಮಚಂದ್ರರು 1990ರಲ್ಲಿ ಕಟ್ಟಿಕೊಟ್ಟ ಆ ವಠಾರ ಇವತ್ತಿಗೂ ಗಟ್ಟಿಯಾಗಿದೆ. ಎದುರಾದರೆ ಜಗಳವಾಡುವ ಅನಂತ್ ನಾಗ್, ವಿನಯಾ ಪ್ರಸಾದ್ ಕಾಗದದಲ್ಲಿ ಮಾತ್ರ ಒಬ್ಬರನ್ನೊಬ್ಬರು ಅರಿಯದೆ ಪ್ರೀತಿಸುತ್ತಾರೆ. ಈಗಿನ ಕಾಲಕ್ಕೆ ಈ ಕಥೆ ಹುಟ್ಟುವುದೇ ಇಲ್ಲ. ವಾಟ್ಸಾಪಿನ ಡಿಪಿ ನೋಡಿದ ಕೂಡಲೇ ಮುಗಿದುಹೋಯಿತು. ನಮ್ಮ ಮನೆಯಲ್ಲಿ ಇದು ಹಬ್ಬದ ಸಿನಿಮಾ. ಹೋಳಿಗೆ ಊಟ ಮುಗಿದು ಗಂಡಸರು ಜಗಲಿಯಲ್ಲಿ ಕಾಲು ಚಾಚಿದ ಮೇಲೆ ಹಾಕಬೇಕು. ಯಾರಿಗೆ ಯಾವಾಗ ನಿದ್ದೆ ಬಂದರೂ, ಯಾವಾಗ ಎಚ್ಚರವಾದರೂ ಕಥೆ ಹಿಡಿಯುತ್ತದೆ. ಸಂಭಾಷಣೆಯನ್ನು ಪಾತ್ರಗಳಿಗಿಂತ ಮೊದಲು ಚಿಕ್ಕಪ್ಪ ಹೇಳುತ್ತಾರೆ, ಕಣ್ಣು ಮುಚ್ಚಿಕೊಂಡೇ.

‘ಬೆಟ್ಟದ ಹೂವು’ ನೋಡುವುದು 2021ರ ಅಕ್ಟೋಬರಿನ ನಂತರ ಬೇರೆಯೇ ಥರದ ಕಷ್ಟ. ಎನ್. ಲಕ್ಷ್ಮೀನಾರಾಯಣರ 1985ರ ಚಿತ್ರ, ಪುನೀತ್‌ಗೆ ಬಾಲನಟನೆಂದು ರಾಷ್ಟ್ರಪ್ರಶಸ್ತಿ ತಂದದ್ದು. ಬಡ ಹುಡುಗ ರಾಮು ಕಾಡಿನ ಹೂ ತಂದುಕೊಟ್ಟು, ಪೈಸೆಗೆ ಪೈಸೆ ಸೇರಿಸಿ ಹತ್ತು ರೂಪಾಯಿ ಕೂಡಿಡುವುದು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು. ಕೊನೆಗೆ ಆ ದುಡ್ಡಿನಲ್ಲಿ ಮನೆಗೆ ಕಂಬಳಿ ಬರುತ್ತದೆ. ಕುಪ್ಪಳಿಯ ನೆರೆಯಲ್ಲಿ ಬೆಳೆದ ನಮಗೆ ಇಲ್ಲೊಂದು ನಾಚಿಕೆಯ ಗುಟ್ಟಿದೆ: ಆ ಗ್ರಂಥ ನಮ್ಮಲ್ಲಿ ಅನೇಕರ ಮನೆಯ ಕಪಾಟಿನಲ್ಲಿದೆ, ಹೊಸದರಂತೆ ಇದೆ. ಬಯಸಿದ ರಾಮುವಿಗೆ ಸಿಗಲಿಲ್ಲ, ಸಿಕ್ಕಿದ ನಾವು ಬಿಡಿಸಲಿಲ್ಲ. ಮಗಳು ಸಿನಿಮಾ ಮುಗಿದ ಮೇಲೆ ಪುಸ್ತಕ ಕೇಳುತ್ತಾಳೇನೋ ಎಂದು ಕಾದೆ. ಅವಳು ಹೋದದ್ದು ಹಿತ್ತಲಿಗೆ, ಹಲಸಿನ ಮರದ ಮೇಲೆ ಸೀತಾಳೆ ದಂಡೆಯ ಕಾಡುಹೂ ಬಿಟ್ಟಿದೆಯಾ ನೋಡಲು.

ಧಾರಾವಾಹಿಗೂ ಅಡಿಕೆಗೂ ಇರುವ ಸಂಬಂಧ ಹೇಳದಿದ್ದರೆ ಮಲೆನಾಡಿನ ಟಿ.ವಿ. ಪುರಾಣ ಪೂರ್ತಿಯಾಗುವುದಿಲ್ಲ. ಸುಗ್ಗಿಯಲ್ಲಿ ಕೊಯ್ದ ಗೊನೆಗಳನ್ನು ಅಂಗಳದಲ್ಲಿ ರಾಶಿ ಹಾಕಿ, ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಬಹಳ ಹೊತ್ತಿನವರೆಗೆ ಸುಲಿಯುತ್ತಾರೆ. ಕೂಲಿ ಡಬ್ಬದ ಲೆಕ್ಕ. ಯಾರ ಮನೆಯಲ್ಲಿ ಟಿ.ವಿ. ಹೊರಗೆ ತಂದಿಡುತ್ತಾರೋ ಅವರ ಮನೆಗೆ ಸುಲಿಯಲು ಜನ ಸುಲಭವಾಗಿ ಸಿಗುತ್ತಿದ್ದರು. ಕಣ್ಣು ಪರದೆಯ ಮೇಲೆ, ಕೈ ಕತ್ತಿಯ ಮೇಲೆ. ಅಳುವ ದೃಶ್ಯದಲ್ಲೂ ಒಂದು ಅಡಿಕೆಗೂ ಗಾಯವಿಲ್ಲ. 1998ರ ‘ಮಾಯಾಮೃಗ’ ಬಂದ ಮೇಲಂತೂ ಟಿ.ಎನ್. ಸೀತಾರಾಮರ ಹೆಸರು ಅಡಿಕೆ ವ್ಯಾಪಾರಿಗಳ ಹೆಸರಿನಷ್ಟೇ ಬಾಯಿಪಾಠವಾಯಿತು. ಮುಂದೆ ಈಟಿವಿಯಲ್ಲಿ ‘ಮುಕ್ತ’ ಬಂದು, ಸ್ವತಃ ಸೀತಾರಾಮರೇ ವಕೀಲ ಸಿ.ಎಸ್.ಪಿ. ಆಗಿ ಕೋರ್ಟಿನಲ್ಲಿ ನಿಂತಾಗ ಗಂಡಸರೂ ಜಗಲಿಯಿಂದ ಒಳಗೆ ಸರಿದರು. ಅವರಿಗೆ ಕಥೆ ಬೇಕಾಗಿರಲಿಲ್ಲ. ಬಗರ್‌ಹುಕುಂ ಅರ್ಜಿಯೋ ದಾಯಾದಿ ವ್ಯಾಜ್ಯವೋ ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ? ಪಾಟಿಸವಾಲಿನ ಯಾವ ಪಟ್ಟು ನಮ್ಮ ಕೇಸಿಗೆ ಬಂದೀತು ಎಂದು ಕಿವಿ ನಿಮಿರಿಸಿ ಕೂರುತ್ತಿದ್ದರು. ‘ಸಿಲ್ಲಿ ಲಲ್ಲಿ’ಯ ಹೊತ್ತಿಗೆ ಎಲ್ಲರೂ ಮತ್ತೆ ಮನುಷ್ಯರಾಗಿ ನಗುತ್ತಿದ್ದರು.

‘ಮಾಯಾಮೃಗ’ ಈಗ ಯೂಟ್ಯೂಬಿನಲ್ಲಿದೆ. ಈ ಸಲ ಅಮ್ಮನಿಗೆ ಹಚ್ಚಿಕೊಟ್ಟೆ. ಆಗ ಕರೆಂಟು ಕೈಕೊಟ್ಟ ದಿನಗಳಲ್ಲಿ ತಪ್ಪಿದ ಕಂತುಗಳನ್ನು ಜೀಪಿನ ಬ್ಯಾಟರಿಗೆ ಟಿ.ವಿ. ಹಚ್ಚಿ ನೋಡಿದ ಪಕ್ಕದ ಮನೆಯವರಿಂದ ಕೇಳಿಯೇ ತುಂಬಿಸಿಕೊಂಡವಳು ಅವಳು. ಹಾಗೆ ಕೇಳಿದ್ದರಲ್ಲಿ ಹಿಡಿಸದ್ದನ್ನು ಬಿಟ್ಟು, ತನಗೆ ಸರಿ ಕಂಡದ್ದನ್ನು ಸೇರಿಸಿ, ಇಷ್ಟು ವರ್ಷ ಅದೇ ನಿಜವೆಂದು ಇಟ್ಟುಕೊಂಡಿದ್ದಾಳೆ. ಈಗ ಮೊಬೈಲಿನಲ್ಲಿ ಬರುವ ಕಥೆ ಹೆಜ್ಜೆಹೆಜ್ಜೆಗೂ ಅವಳದರ ಜೊತೆ ತಿಕ್ಕಾಡುತ್ತದೆ. ಶಿವಮೊಗ್ಗದಿಂದ ಚಿಕ್ಕಮ್ಮ ಫೋನಿನಲ್ಲಿ, ‘ನೀನ್ ಹೇಳೋ ಹಂಗೆ ಆಗ್ಲೇ ಇಲ್ಲ ಅಕ್ಕ, ನಾನು ನೋಡಿದ್ದೆ’ ಎಂದು ಬೇರೆಯೇ ಮೂರನೆಯ ಕಥೆ ತೆಗೆಯುತ್ತಾರೆ.

ನಿನ್ನೆ ಒಂದು ಕಂತು ಮುಗಿಯಿತು. ಅಮ್ಮ ಕನ್ನಡಕ ತೆಗೆದು ಒರೆಸಿದಳು.

‘ಹೆಂಗಿತ್ತು?’

‘ಚೆನ್ನಾಗೇನೋ ಮಾಡಿದಾರೆ,’ ಎಂದಳು. ‘ಆದ್ರೆ ಅವ್ರು ತೋರ್ಸಿದ್ದು ತಪ್ಪು. ಮುಂದಿಂದು ಹಾಕು, ಅಲ್ಲಾದ್ರೂ ಸರಿ ಮಾಡ್ತಾರಾ ನೋಡಣ.’