ಗಲ್ಲು ಶಿಕ್ಷೆಯ ಪರ ವಾದಿಸಬೇಕಾದವಳಿಗೆ ಏನು ಓದಲು ಹೇಳಲಿ?

ಅಣ್ಣನ ಮಗಳು ಕಳೆದ ತಿಂಗಳು ಫೋನ್ ಮಾಡಿ, "ಚಿಕ್ಕಪ್ಪ, ಚರ್ಚಾಸ್ಪರ್ಧೆಯಲ್ಲಿ ನನಗೆ ಮರಣದಂಡನೆಯ ಪರ ಮಾತನಾಡುವ ಚೀಟಿ ಬಂದಿದೆ. ಎರಡು ದಿನದಿಂದ ಹುಡುಕುತ್ತಿದ್ದೇನೆ, ವರದಿ, ಅಂಕಿಅಂಶ ಎಂದು ಸಿಗುವುದೆಲ್ಲ ವಿರೋಧದವೇ. ಪರವಾಗಿ ಸಿಗುವುದು ಬೈಗುಳ ಮಾತ್ರ. ಏನು ಓದಲಿ ಹೇಳಿ" ಎಂದಳು. ನಾನು ಮರಣದಂಡನೆಯನ್ನು ಒಪ್ಪದವನೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ನನ್ನನ್ನೇ ಕೇಳಿದಳಲ್ಲ ಎಂಬ ಸಂತೋಷಕ್ಕಿಂತ ಮುಜುಗರವೇ ಹೆಚ್ಚಾಯಿತು. ಇಷ್ಟು ವರ್ಷಗಳಿಂದ ಈ ವಿಷಯವನ್ನು ಓದುತ್ತ ಬಂದಿದ್ದೇನೆ ಎಂದುಕೊಂಡಿದ್ದ ನನಗೆ, ಎದುರು ಪಕ್ಷದ ಅತ್ಯುತ್ತಮ ವಾದ ಎಲ್ಲಿದೆ ಎಂದು ತಟ್ಟನೆ ಹೇಳಲು ಆಗಲಿಲ್ಲ. ನಾಳೆ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಆಮೇಲೆ ಒಂದು ವಾರ ನಾನೇ ಕುಳಿತು ಹುಡುಕಿದ್ದರ ಫಲ ಈ ಬರಹ.

ಅವಳ ದೂರಿನಲ್ಲಿ ಹುರುಳಿತ್ತು. ಅಂತರ್ಜಾಲದಲ್ಲಿ ಈ ವಿಷಯದ ಬಗ್ಗೆ ಅಚ್ಚುಕಟ್ಟಾಗಿ ಜೋಡಿಸಿಟ್ಟ ಮಾಹಿತಿಯ ಬಹುಪಾಲು ವಿರೋಧಿಗಳ ಶ್ರಮದಿಂದ ಬಂದದ್ದು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಪ್ರತಿ ವರ್ಷ ಜಗತ್ತಿನ ಲೆಕ್ಕ ಹಾಕುತ್ತದೆ. ಅಮೆರಿಕದ ಮಟ್ಟಿಗೆ 1990ರಿಂದ ಕೆಲಸ ಮಾಡುತ್ತಿರುವ ಡೆತ್ ಪೆನಾಲ್ಟಿ ಇನ್‌ಫರ್ಮೇಷನ್ ಸೆಂಟರ್ ಪ್ರತಿಯೊಂದು ಪ್ರಕರಣವನ್ನೂ ಬರೆದಿಡುತ್ತದೆ. ತಾನು ಪರ ಅಥವಾ ವಿರೋಧ ಯಾವ ನಿಲುವನ್ನೂ ತಳೆದಿಲ್ಲ ಎಂದು ಅದು ಹೇಳಿಕೊಂಡರೂ, ಎತ್ತಿ ತೋರಿಸುವುದೆಲ್ಲ ವ್ಯವಸ್ಥೆಯ ಲೋಪಗಳನ್ನೇ. ಇದರಲ್ಲಿ ಆಶ್ಚರ್ಯವೇನಿಲ್ಲ. ಕಾನೂನನ್ನು ಬದಲಾಯಿಸಬೇಕೆನ್ನುವವರು ಸಂಘ ಕಟ್ಟುತ್ತಾರೆ, ಲೆಕ್ಕ ಇಡುತ್ತಾರೆ, ವರದಿ ತರುತ್ತಾರೆ. ಕಾನೂನು ಇರುವಂತೆಯೇ ಇರಲಿ ಎನ್ನುವವರಿಗೆ ಆ ದರ್ದು ಇಲ್ಲ. ಅವರ ವಾದ ಸರ್ಕಾರಿ ವಕೀಲರ ಕಡತದಲ್ಲಿ, ತೀರ್ಪುಗಳ ಒಳಗೆ, ಶಾಸನಸಭೆಗಳ ನಡಾವಳಿಯಲ್ಲಿ ಚದುರಿಹೋಗಿರುತ್ತದೆ. ಹಾಗಾಗಿ ಹುಡುಕಾಟದ ಮೊದಲ ಪುಟವನ್ನು ಮಾತ್ರ ನೋಡಿದವರಿಗೆ ಒಂದು ಪಕ್ಷದಲ್ಲಿ ವಿದ್ವಾಂಸರೂ ಇನ್ನೊಂದು ಪಕ್ಷದಲ್ಲಿ ಗುಂಪು ಗದ್ದಲವೂ ಮಾತ್ರ ಇವೆ ಎಂದು ಅನ್ನಿಸಿದರೆ ಅದು ಅವರ ತಪ್ಪಲ್ಲ.

ವಿರೋಧಿಗಳ ಅಂಕಿಗಳು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅವು ನಮ್ಮ ಕೈಗೆ ಬರುವಷ್ಟರಲ್ಲಿ ಪಕ್ಕದಲ್ಲಿದ್ದ ವಾಕ್ಯ ಉದುರಿಹೋಗಿರುತ್ತದೆ, ಅಷ್ಟೆ. 2024ರಲ್ಲಿ 15 ದೇಶಗಳಲ್ಲಿ 1,518 ಮಂದಿಗೆ ಮರಣದಂಡನೆ ಜಾರಿಯಾಯಿತು ಎಂದು ಆಮ್ನೆಸ್ಟಿ ದಾಖಲಿಸಿದೆ. ಇದನ್ನು ಜಗತ್ತಿನ ಒಟ್ಟು ಸಂಖ್ಯೆ ಎಂದು ಹಂಚಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಚೀನಾದಲ್ಲಿ ಈ ಲೆಕ್ಕ ಸರ್ಕಾರಿ ರಹಸ್ಯವಾಗಿರುವುದರಿಂದ ಅಲ್ಲಿ ನಡೆದವೆಂದು ನಂಬಲಾದ ಸಾವಿರಾರು ಮರಣದಂಡನೆಗಳು ಇದರಲ್ಲಿ ಸೇರಿಲ್ಲ ಎಂಬ ಮಾತು ಅದೇ ವರದಿಯಲ್ಲಿದೆ. ಹಾಗೆಯೇ, ಕಾನೂನಿನಲ್ಲಾಗಲಿ ಆಚರಣೆಯಲ್ಲಾಗಲಿ ಮರಣದಂಡನೆಯನ್ನು ಕೈಬಿಟ್ಟ ದೇಶಗಳು ಜಗತ್ತಿನ ಮೂರನೇ ಎರಡು ಭಾಗಕ್ಕಿಂತ ಹೆಚ್ಚಿವೆ ಎಂದು ನಾವು ಹೇಳುತ್ತೇವೆ. ಚೀನಾ, ಭಾರತ, ಅಮೆರಿಕ, ಇಂಡೊನೇಷ್ಯಾ ಎಲ್ಲವೂ ಉಳಿಸಿಕೊಂಡ ಪಟ್ಟಿಯಲ್ಲಿರುವುದರಿಂದ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನ ಮರಣದಂಡನೆ ಇರುವ ದೇಶಗಳಲ್ಲೇ ಬದುಕುತ್ತಿದ್ದಾರೆ ಎಂದು ಅವರು ಹೇಳಬಹುದು. ಎರಡೂ ನಿಜ. ದೇಶಗಳನ್ನು ಎಣಿಸುತ್ತೀರೋ ತಲೆಗಳನ್ನು ಎಣಿಸುತ್ತೀರೋ ಎಂಬುದರ ಮೇಲೆ ಉತ್ತರ ನಿಂತಿದೆ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟು ಆಗುವುದು "ಗಲ್ಲಿಗೇರಿಸಿದರೆ ಅಪರಾಧ ಕಡಿಮೆಯಾಗುತ್ತದೆಯೇ" ಎಂಬ ಪ್ರಶ್ನೆಯಲ್ಲಿ. 1975ರಲ್ಲಿ ಐಸಾಕ್ ಎರ್ಲಿಕ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಅಂಕಿಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಒಂದು ಮರಣದಂಡನೆ ಸುಮಾರು ಏಳೆಂಟು ಕೊಲೆಗಳನ್ನು ತಡೆದಿರಬಹುದು ಎಂಬ ಅಂದಾಜು ಮುಂದಿಟ್ಟರು. ಅರ್ಧ ಶತಮಾನ ಕಳೆದರೂ ಪರವಾದಿಗಳ ಬರಹಗಳಲ್ಲಿ ಆ ಎಂಟು ಎಂಬ ಅಂಕಿ ಸುತ್ತುತ್ತಲೇ ಇದೆ. ಅದಕ್ಕೆ ಎದುರಾಗಿ ನಮ್ಮವರು ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2012ರಲ್ಲಿ ಹೊರತಂದ ವರದಿಯನ್ನು ಎತ್ತಿಹಿಡಿದು, "ಮರಣದಂಡನೆಯಿಂದ ಯಾವ ಪರಿಣಾಮವೂ ಇಲ್ಲವೆಂದು ಸಾಬೀತಾಗಿದೆ" ಎಂದು ಬರೆಯುತ್ತಾರೆ. ನಮ್ಮವರು ಎಂದೇನು, ನಾನೇ ಒಮ್ಮೆ ಹಾಗೆ ಬರೆದಿದ್ದೆ. ಈ ವಾರ ವರದಿಯನ್ನೇ ತೆರೆದು ಓದಿದಾಗ ನಾಚಿಕೆಯಾಯಿತು. ಅದು ಹಾಗೆ ಹೇಳುವುದೇ ಇಲ್ಲ. ಈವರೆಗಿನ ಅಧ್ಯಯನಗಳಿಂದ ಮರಣದಂಡನೆಯು ಕೊಲೆಗಳನ್ನು ಹೆಚ್ಚಿಸುತ್ತದೆಯೋ, ತಗ್ಗಿಸುತ್ತದೆಯೋ, ಏನೂ ಮಾಡುವುದಿಲ್ಲವೋ ಎಂಬುದು ತಿಳಿಯುವಂತಿಲ್ಲ, ಆದ್ದರಿಂದ ನೀತಿ ರೂಪಿಸುವಾಗ ಈ ಅಧ್ಯಯನಗಳನ್ನು ಆಧಾರವಾಗಿ ಬಳಸಬಾರದು ಎಂಬುದು ಅದರ ತೀರ್ಮಾನ. ಜಾರಿಯಾಗುವ ಮರಣದಂಡನೆಗಳು ಬೆರಳೆಣಿಕೆಯವು. ಕೊಲೆಗಳ ಸಂಖ್ಯೆಯಾದರೋ ನೂರೆಂಟು ಕಾರಣಗಳಿಂದ ಏರಿಳಿಯುತ್ತದೆ. ಕೊಲೆಗೆ ಹೊರಟವನ ಮನಸ್ಸಿನಲ್ಲಿ ಗಲ್ಲಿನ ಭಯ ಎಷ್ಟಿತ್ತೆಂದು ಅಳೆಯುವ ದಾರಿಯೇ ಯಾರ ಬಳಿಯೂ ಇಲ್ಲ. ಆ ವರದಿ ಎರ್ಲಿಕ್ ಅವರ ದಾರಿಯಲ್ಲಿ ಹೋದವರ ಕೈಯಿಂದ ಅಂಕಿಯನ್ನು ಕಿತ್ತುಕೊಳ್ಳುತ್ತದೆ, ಹಾಗೆಂದು ಅದನ್ನು ನನ್ನ ಕೈಗೆ ಕೊಡುವುದಿಲ್ಲ.

ನಿರ್ದೋಷಿಗಳ ಪಟ್ಟಿಯನ್ನು ಓದುವಾಗಲೂ ಇದೇ ಎಚ್ಚರ ಬೇಕು. ಅಮೆರಿಕದಲ್ಲಿ 1973ರಿಂದೀಚೆಗೆ ಮರಣದಂಡನೆ ವಿಧಿಸಲ್ಪಟ್ಟು ಆಮೇಲೆ ಆರೋಪಮುಕ್ತರಾದವರ ಸಂಖ್ಯೆ 2024ರಲ್ಲಿ ಇನ್ನೂರನ್ನು ಮುಟ್ಟಿತು. ಆರೋಪಮುಕ್ತನಾದವನೆಲ್ಲ ಅಪರಾಧ ಮಾಡಿಯೇ ಇಲ್ಲ ಎಂದು ಅರ್ಥವಲ್ಲ, ಸಾಕ್ಷ್ಯ ಸಾಲದೆ ಬಿಡುಗಡೆಯಾದವರೂ ಇದರಲ್ಲಿದ್ದಾರೆ ಎಂಬುದು ಪರವಾದಿಗಳ ಆಕ್ಷೇಪ. ಆಕ್ಷೇಪದಲ್ಲಿ ತೂಕವಿದೆ, ಪಟ್ಟಿಗೆ ಯಾರನ್ನು ಸೇರಿಸುತ್ತೇವೆ ಎಂಬ ಮಾನದಂಡವನ್ನು ಪಟ್ಟಿ ಮಾಡಿದವರೇ ಬರೆದಿಟ್ಟಿದ್ದಾರೆ, ಹೆಸರುಗಳಿಗಿಂತ ಮೊದಲು ಅದನ್ನು ಓದಬೇಕು. ಆದರೆ ಜಪಾನಿನ ಇವಾವೊ ಹಕಮಾಡ ಅವರ ವಿಷಯದಲ್ಲಿ ಈ ಆಕ್ಷೇಪ ನಿಲ್ಲುವುದು ಕಷ್ಟ. 1968ರಲ್ಲಿ ಮರಣದಂಡನೆಗೆ ಗುರಿಯಾಗಿ, 2014ರಲ್ಲಿ ಹೊರಬಂದು, 2024ರಲ್ಲಿ ಮರುವಿಚಾರಣೆಯಲ್ಲಿ ನಿರ್ದೋಷಿಯಾದವರು ಅವರು. ಅವರ ವಿರುದ್ಧದ ಸಾಕ್ಷ್ಯವನ್ನು ತನಿಖೆಯವರೇ ಸೃಷ್ಟಿಸಿದ್ದರೆಂದು ನ್ಯಾಯಾಲಯವೇ ಹೇಳಿತು.

ಜನಾಭಿಪ್ರಾಯ ಸಮೀಕ್ಷೆಗಳನ್ನು ನೋಡುವುದಾದರೆ ಉತ್ತರಕ್ಕಿಂತ ಮೊದಲು ಪ್ರಶ್ನೆಯನ್ನು ನೋಡು ಎಂದು ಹುಡುಗಿಗೆ ಹೇಳಿದೆ. ಅಮೆರಿಕದ ಗ್ಯಾಲಪ್ ಸಂಸ್ಥೆ 2019ರಲ್ಲಿ ಕೊಲೆಗಾರರಿಗೆ ಮರಣದಂಡನೆ ಬೇಕೇ ಎಂದು ಕೇಳಿದಾಗ ಶೇ. 56ರಷ್ಟು ಜನ ಬೇಕೆಂದರು. ಅದೇ ವರ್ಷ, ಮರಣದಂಡನೆ ಮತ್ತು ಪೆರೋಲ್ ಇಲ್ಲದ ಜೀವಾವಧಿ ಇವೆರಡರಲ್ಲಿ ಯಾವುದು ಮೇಲು ಎಂದು ಕೇಳಿದಾಗ ಶೇ. 60ರಷ್ಟು ಜನ ಜೀವಾವಧಿಯನ್ನು ಆರಿಸಿದರು. ಜಪಾನ್ ಸರ್ಕಾರದ ಸಮೀಕ್ಷೆಯಲ್ಲಿ ಶೇ. 80ಕ್ಕೂ ಹೆಚ್ಚು ಬೆಂಬಲ ಎಂಬ ಸುದ್ದಿಯ ಹಿಂದಿರುವ ಮುಖ್ಯ ಆಯ್ಕೆಗಳು ಎರಡೇ: "ರದ್ದಾಗಬೇಕು" ಎಂಬುದು ಒಂದು, "ಅನಿವಾರ್ಯ" ಎಂಬುದು ಇನ್ನೊಂದು. "ಅನಿವಾರ್ಯ" ಎನ್ನುವವನು ಬೆಂಬಲಿಗನೇ? ನನಗಂತೂ ಅನುಮಾನ.

ಉಲ್ಲೇಖಗಳ ವಿಷಯ ಇನ್ನೂ ದಯನೀಯ. "ಕಣ್ಣಿಗೆ ಕಣ್ಣು ಎಂದರೆ ಇಡೀ ಜಗತ್ತೇ ಕುರುಡಾಗುತ್ತದೆ" ಎಂದು ಗಾಂಧೀಜಿಯವರ ಚಿತ್ರದ ಕೆಳಗೆ ಬರೆದು ಹಂಚುವ ನಮ್ಮವರಲ್ಲಿ ಒಬ್ಬರೂ ಅದು ಗಾಂಧೀಜಿಯವರ ಯಾವ ಬರಹದಲ್ಲಿದೆ ಎಂದು ತೋರಿಸಿಲ್ಲ. ನಾನೂ ಅದನ್ನು ಬಿಟ್ಟಿದ್ದೇನೆ.

ಇಷ್ಟೆಲ್ಲ ಜಾಲಾಡಿದ ಮೇಲೆ ನನಗೆ ನೆಚ್ಚಿಕೆ ಉಳಿದದ್ದು ಒಂದೇ ಬಗೆಯ ಬರಹದಲ್ಲಿ: ಎದುರಾಳಿ ಕಣ್ಣೆದುರೇ ಕುಳಿತಿರುವಾಗ, ಅವನಿಗೆ ಉತ್ತರ ಕೊಡಲೇಬೇಕಾದ ಇಕ್ಕಟ್ಟಿನಲ್ಲಿ ಬರೆದ ಅಥವಾ ಆಡಿದ ಮಾತಿನಲ್ಲಿ. ಪ್ರಚಾರದ ಪುಟಕ್ಕೆ ಆ ಇಕ್ಕಟ್ಟಿಲ್ಲ. ತೀರ್ಪಿಗಿದೆ, ಆಯೋಗದ ವರದಿಗಿದೆ, ಸದನದ ಚರ್ಚೆಗಿದೆ. ಇವೆಲ್ಲ ಇಂದು ಬಿಡಿಗಾಸು ಖರ್ಚಿಲ್ಲದೆ ಅಂತರ್ಜಾಲದಲ್ಲಿ ಓದಲು ಸಿಗುತ್ತವೆ.

ಭಾರತದ ಸುಪ್ರೀಂ ಕೋರ್ಟ್ 1980ರಲ್ಲಿ ಬಚ್ಚನ್ ಸಿಂಗ್ ಪ್ರಕರಣದಲ್ಲಿ ನೀಡಿದ ತೀರ್ಪನ್ನೇ ತೆಗೆದುಕೊಳ್ಳಿ. ಮರಣದಂಡನೆ ಸಂವಿಧಾನಬದ್ಧವೆಂದು ನಾಲ್ವರು ನ್ಯಾಯಮೂರ್ತಿಗಳು ಎತ್ತಿಹಿಡಿದರು, "ಅಪರೂಪದಲ್ಲಿ ಅಪರೂಪದ ಪ್ರಕರಣ" ಎಂಬ ಮಾತು ಅಲ್ಲಿಂದಲೇ ಬಂತು. ಪಿ. ಎನ್. ಭಗವತಿಯವರು ಒಬ್ಬರೇ ಭಿನ್ನಮತ ತಳೆದರು, ಅದರ ಕಾರಣಗಳನ್ನು 1982ರಲ್ಲಿ ವಿವರವಾಗಿ ಕೊಟ್ಟರು. ಪರವಾಗಿ ಮಾತನಾಡುವವರು ಮೊದಲು ಭಗವತಿಯವರನ್ನು ಓದಬೇಕು, ವಿರೋಧಿಸುವವರು ಮೊದಲು ಬಹುಮತದ ತೀರ್ಪನ್ನು ಓದಬೇಕು ಎಂಬುದು ನನ್ನ ಶಿಫಾರಸು. ಯಾವ ಪೀಠದ ಮುಂದೆ ಬಂದೆ ಎಂಬುದರ ಮೇಲೆ ಆರೋಪಿಯ ಜೀವ ನಿಂತಿದೆ ಎಂಬುದು ಭಗವತಿಯವರ ಮುಖ್ಯ ವಾದ. ಅದು ಉತ್ಪ್ರೇಕ್ಷೆ ಎನ್ನಿಸಿದರೆ ಅದೇ ವರ್ಷದ ಹರ್ಬನ್ಸ್ ಸಿಂಗ್ ಪ್ರಕರಣದ ತೀರ್ಪನ್ನು ಓದಿ. ಅದು ಬಹಳ ಚಿಕ್ಕದು. ಒಂದೇ ಅಪರಾಧ, ಒಂದೇ ಬಗೆಯ ಪಾತ್ರ, ಮೂವರಿಗೂ ಗಲ್ಲು. ಅವರಲ್ಲಿ ಒಬ್ಬನ ಶಿಕ್ಷೆಯನ್ನು ಸುಪ್ರೀಂ ಕೋರ್ಟಿನ ಒಂದು ಪೀಠ ಜೀವಾವಧಿಗೆ ಇಳಿಸಿತು, ಇನ್ನೊಬ್ಬನನ್ನು 1981ರ ಅಕ್ಟೋಬರಿನಲ್ಲಿ ನೇಣಿಗೇರಿಸಲಾಯಿತು, ಮೂರನೆಯವನ ಅರ್ಜಿ ಬಂದಾಗ ನ್ಯಾಯಾಲಯಕ್ಕೇ ಈ ವೈಪರೀತ್ಯ ಗಮನಕ್ಕೆ ಬಂದು ಅವನ ಶಿಕ್ಷೆಯನ್ನು ಇಳಿಸುವಂತೆ ರಾಷ್ಟ್ರಪತಿಯವರಿಗೆ ಶಿಫಾರಸು ಮಾಡಿತು.

ಆಯೋಗಗಳ ವರದಿಯನ್ನು ಕೊನೆಯ ಪುಟದವರೆಗೂ ನೋಡಬೇಕು ಎನ್ನುವುದಕ್ಕೆ ಒಂದು ಉದಾಹರಣೆ ಇದೆ. ಸ್ವತಂತ್ರ ಭಾರತದಲ್ಲಿ ಗಲ್ಲಿಗೇರಿದವರು ಐವತ್ತೆರಡೋ ಐವತ್ತೈದೋ ಮಂದಿ ಮಾತ್ರ ಎಂಬ ಮಾತು ಬಹಳ ಕಾಲ ಚಲಾವಣೆಯಲ್ಲಿತ್ತು. ಈಗಲೂ ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆಯವರು ಕಾನೂನು ಆಯೋಗದ 1967ರ 35ನೇ ವರದಿಯ ಅನುಬಂಧವನ್ನು ಬಿಡಿಸಿದಾಗ, 1953ರಿಂದ 1963ರ ನಡುವೆ ಹದಿನಾರು ರಾಜ್ಯಗಳಲ್ಲೇ 1,422 ಮಂದಿಯನ್ನು ಗಲ್ಲಿಗೇರಿಸಿದ ಲೆಕ್ಕ ಸಿಕ್ಕಿತು. ಅದು ಅನುಬಂಧ 34, ಬರೀ ಕೋಷ್ಟಕ. ಸರ್ಕಾರವೇ ಅಚ್ಚು ಹಾಕಿಸಿದ ಪುಸ್ತಕದ ಹಿಂದಿನ ಪುಟಗಳಲ್ಲಿ ಆ ಸಂಖ್ಯೆ ದಶಕಗಳ ಕಾಲ ತಣ್ಣಗೆ ಕುಳಿತಿತ್ತು. ವ್ಯಂಗ್ಯವೆಂದರೆ, ಅದೇ 35ನೇ ವರದಿ ಪರವಾದಿಗಳಿಗೆ ಸಿಗಬಹುದಾದ ಅತ್ಯಂತ ಸಂಯಮದ ದಾಖಲೆಯೂ ಹೌದು: ಮರಣದಂಡನೆಯನ್ನು ರದ್ದು ಮಾಡುವ ಪ್ರಯೋಗಕ್ಕೆ ಕೈಹಾಕುವ ಸ್ಥಿತಿಯಲ್ಲಿ ದೇಶವಿಲ್ಲ ಎಂಬುದು ಅದರ ನಿಲುವು. 2015ರ 262ನೇ ವರದಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಸಮರ ಸಾರುವ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ರದ್ದು ಮಾಡಬೇಕೆಂದಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ.

ಸಂವಿಧಾನ ಸಭೆಯ ನಡಾವಳಿಯಲ್ಲಿ 1949ರ ಜೂನ್ 3ರ ಪುಟವನ್ನೂ ನೋಡಬಹುದು. ಮರಣದಂಡನೆಯ ಪ್ರಕರಣಗಳಲ್ಲಿ ಮೇಲ್ಮನವಿಯ ಹಕ್ಕಿನ ಚರ್ಚೆ ನಡೆದಿರುವಾಗ ಅಂಬೇಡ್ಕರ್ ಅವರು, ತಾವು ಮರಣದಂಡನೆಯನ್ನೇ ರದ್ದು ಮಾಡುವುದನ್ನು ಬೆಂಬಲಿಸುವುದಾಗಿ ಹೇಳಿ ಮುಂದೆ ಸಾಗುತ್ತಾರೆ. ಯಾವ ಮಾತಿನ ನಡುವೆ ಬಂದ ಮಾತು ಎಂಬುದು ಬಿಡಿ ಉಲ್ಲೇಖದಲ್ಲಿ ಕಾಣುವುದಿಲ್ಲ.

ಇನ್ನು ಹುಡುಗಿಗೆ ಬೇಕಾದ ಪರವಾದ. ಜರ್ಮನ್ ತತ್ವಜ್ಞಾನಿ ಕಾಂಟ್ ಅವರ ದ್ವೀಪದ ದೃಷ್ಟಾಂತವನ್ನು ಮೊದಲು ಹೇಳಿದೆ: ದ್ವೀಪವೊಂದರ ಜನರೆಲ್ಲ ಸಮಾಜವನ್ನು ವಿಸರ್ಜಿಸಿ ಚದುರಿಹೋಗಲು ತೀರ್ಮಾನಿಸಿದರೂ, ಹೊರಡುವ ಮೊದಲು ಸೆರೆಮನೆಯಲ್ಲಿರುವ ಕೊನೆಯ ಕೊಲೆಗಾರನಿಗೆ ಮರಣದಂಡನೆ ಜಾರಿಯಾಗಲೇಬೇಕು ಎನ್ನುತ್ತಾರೆ ಅವರು. ಅಪರಾಧ ತಗ್ಗುತ್ತದೆಯೇ ಎಂಬ ಲೆಕ್ಕದ ಗೊಡವೆಯೇ ಅವರಿಗಿಲ್ಲ. ಅವಳಿಗೆ ಇದು ಹಿಡಿಸಲಿಲ್ಲ, "ಸಭಿಕರು ಹೆದರಿಕೊಳ್ಳುತ್ತಾರೆ" ಎಂದಳು. ಆಗ ಜಾನ್ ಸ್ಟುವರ್ಟ್ ಮಿಲ್ 1868ರ ಏಪ್ರಿಲ್ 21ರಂದು ಬ್ರಿಟಿಷ್ ಸಂಸತ್ತಿನಲ್ಲಿ ಮಾಡಿದ ಭಾಷಣವನ್ನು ಕಳುಹಿಸಿದೆ. ಸ್ವಾತಂತ್ರ್ಯದ ಬಹುದೊಡ್ಡ ಪ್ರತಿಪಾದಕರಾದ ಮಿಲ್, ಅತಿ ಘೋರ ಕೊಲೆಗಳಿಗೆ ಮರಣದಂಡನೆ ಇರಲಿ ಎಂದು ವಾದಿಸುತ್ತಾರೆ. ಕಠಿಣ ದುಡಿಮೆಯ ಜೀವಾವಧಿ ಎಂದರೆ ಮನುಷ್ಯನನ್ನು ಜೀವಂತ ಗೋರಿಯೊಳಗೆ ಇಟ್ಟಂತೆ. ಕಲ್ಪನೆಗೆ ಮರಣವೇ ಹೆಚ್ಚು ಭೀಕರವಾಗಿ ಕಂಡರೂ ಅನುಭವಿಸುವವನಿಗೆ ಅದಕ್ಕಿಂತ ಜೀವಾವಧಿಯೇ ಕ್ರೂರ ಎಂಬುದು ಅವರ ವಾದದ ತಿರುಳು. ನಡುವೆ ಒಂದು ಕಡೆ ಅವರು ನಿಲ್ಲುತ್ತಾರೆ. ತಪ್ಪಾಗಿ ಗಲ್ಲಿಗೇರಿಸಿದರೆ ಅದನ್ನು ಸರಿಪಡಿಸಲಾಗದು ಎಂಬ ಒಂದು ವಾದಕ್ಕೆ ಮಾತ್ರ ತೂಕವಿದೆ ಎಂದು ತಾವಾಗಿಯೇ ಒಪ್ಪಿಕೊಳ್ಳುತ್ತಾರೆ. ಆದರೆ ಇಂಗ್ಲೆಂಡಿನ ನ್ಯಾಯವಿಧಾನ ಆರೋಪಿಯ ಕಡೆಗೇ ವಾಲಿರುವುದರಿಂದ ಅಂಥದ್ದು ಅಲ್ಲಿ ಅತಿ ವಿರಳ ಎಂದು ಸಮಾಧಾನ ಹೇಳುತ್ತಾರೆ.

ಎರಡು ದಿನ ಬಿಟ್ಟು ಅವಳು ಮತ್ತೆ ಫೋನ್ ಮಾಡಿದಳು. "ಚಿಕ್ಕಪ್ಪ, ಇವರ ಮಾತಿಗೆ ನಿಮ್ಮ ಉತ್ತರ ಏನು?" ಎಂದು ಕೇಳಿದಳು. ಅದೇ ಇಂಗ್ಲೆಂಡಿನಲ್ಲಿ 1950ರಲ್ಲಿ ಟಿಮೊಥಿ ಎವಾನ್ಸ್ ಎಂಬಾತನನ್ನು ತನ್ನ ಮಗುವನ್ನು ಕೊಂದನೆಂದು ಗಲ್ಲಿಗೇರಿಸಿದರು, ಅವನ ವಿರುದ್ಧ ಸಾಕ್ಷಿ ನುಡಿದ, ಅದೇ ಮನೆಯ ಕೆಳಗಿನ ಭಾಗದಲ್ಲಿದ್ದ ಕ್ರಿಸ್ಟಿ ಎಂಬಾತನೇ ಸರಣಿ ಕೊಲೆಗಾರನೆಂಬುದು ಮೂರು ವರ್ಷಗಳ ಬಳಿಕ ಬಯಲಾಯಿತು, 1966ರಲ್ಲಿ ಎವಾನ್ಸ್‌ಗೆ ಮರಣೋತ್ತರ ಕ್ಷಮಾದಾನ ಬಂತು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಎದುರಿನ ತಂಡದವರ ಕೈಗೆ ಸಿಗದಿದ್ದರೆ ಸಾಕು" ಎಂದಳು.