ಮದುವೆ ಆಗಿದೆ ಅಂತ ಇನ್ನು ಯಾರ್ಯಾರಿಗೆ ತೋರಿಸಬೇಕು?

ಇವತ್ತು ಬೆಳಗ್ಗೆ ಬೆಂಗಳೂರಿಗೆ ವಾಪಸ್ ಬಂದೆವು. ಶೂ ತುಂಬ ಕೆಸರು ಹಾಗೇ ಇದೆ, ಬಟ್ಟೆ ಬ್ಯಾಗಿನಿಂದ ತೆಗೆದಿಲ್ಲ. ಮೊದಲು ಇದನ್ನು ಬರೆದು ಹಾಕುತ್ತೇನೆ, ಇಲ್ಲಾಂದ್ರೆ ಇವತ್ತೂ ನಿದ್ದೆ ಬರುವುದಿಲ್ಲ. ಲಾಡ್ಜ್ ನಡೆಸುವವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಉತ್ತರ ಕೊಡಿ. ಒಬ್ಬ ಹೆಂಗಸು ತನ್ನ ಗಂಡನ ಜೊತೆ ರೂಮಿಗೆ ಬಂದರೆ ಅವಳ ಅಪ್ಪನಿಗೆ ಫೋನ್ ಮಾಡಿ ವಿಚಾರಿಸುವ ಹಕ್ಕು ನಿಮಗೆ ಯಾರು ಕೊಟ್ಟರು?

ಹೌದು, ಅಪ್ಪನಿಗೆ. ಹಾಸನದಲ್ಲಿ ಊಟ ಮುಗಿಸಿ, ಬಿಪಿ ಮಾತ್ರೆ ನುಂಗಿ ಮಲಗಿದ್ದ ನನ್ನ ಅಪ್ಪನಿಗೆ. ರಾತ್ರಿ ಒಂಬತ್ತೂವರೆಗೆ.

ನಾವು ಎಷ್ಟು ಆಸೆಪಟ್ಟು ಹೊರಟಿದ್ದೆವು ಅಂತ ಹೇಳಿದರೆ ಈಗ ಹೊಟ್ಟೆ ಉರಿಯುತ್ತೆ. ಕುದುರೆಮುಖ ಹತ್ತುವುದು, ಇಳಿದು ಸೀದಾ ಮಂಗಳೂರಿಗೆ ಹೋಗುವುದು, ಬಿಸಿನೀರಲ್ಲಿ ಸ್ನಾನ ಮಾಡಿ ಕಾಣೆ ಮೀನಿನ ಫ್ರೈ, ನೀರ್ ದೋಸೆ, ಘೀ ರೋಸ್ಟ್ ತಿಂದು ತಣ್ಣಗೆ ಬಿಯರ್ ಕುಡಿಯುವುದು, ಮಾರನೇ ದಿನ ಗಡ್‌ಬಡ್ ಐಸ್‌ಕ್ರೀಮ್ ತಿಂದು ಊರಿಗೆ. ಅಷ್ಟೇ. ಜೂನ್ ಜುಲೈನಲ್ಲೇ ಹೋಗೋಣ ಅಂದ ನನ್ನ ಗಂಡ. ನಾನೇ ಬೇಡ ಅಂದೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ದೊಡ್ಡ ಬೋಟ್‌ಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಮಂಗಳೂರಿಗೆ ಹೋಗಿ ಐಸಿನ ಮೀನು ತಿನ್ನೋದು ಯಾಕೆ ಅಂತ. ಆಮೇಲೆ ಚಾರಣದ ಟಿಕೆಟ್. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆ ಥರ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಬುಕಿಂಗ್ ಎಲ್ಲಾ ಆನ್‌ಲೈನ್ ಮಾಡಿತು. ಕುದುರೆಮುಖಕ್ಕೆ ದಿನಕ್ಕೆ 300 ಜನ. ಶನಿವಾರ ಸಿಗುವುದೇ ಪುಣ್ಯ. ಸಿಕ್ಕಿತು. ಇಬ್ಬರೂ ಕುಣಿದಾಡಿದ್ದೆವು.

ಬೆಟ್ಟದ ಬಗ್ಗೆ ಒಂದು ಮಾತೂ ಕೆಟ್ಟದಾಗಿ ಹೇಳಲಾರೆ. ಸಂಸೆ ಹತ್ತಿರ ಒಂದು ಹೋಂಸ್ಟೇನಲ್ಲಿ ಉಳಿದಿದ್ದೆವು. ಆ ಮನೆಯ ಅಮ್ಮ ನಮ್ಮನ್ನು ಕೇಳಿದ್ದು ಎರಡೇ ಪ್ರಶ್ನೆ. ಕೋಳಿ ತಿಂತೀರಾ, ಬೆಳಗ್ಗೆ ಎಷ್ಟೊತ್ತಿಗೆ ಏಳಿಸಬೇಕು. ಕಡುಬು ಕೋಳಿಸಾರು ಬಡಿಸಿ, ಹಂಡೆಯಲ್ಲಿ ಬಿಸಿನೀರು ಕಾಯಿಸಿ ಕೊಟ್ಟರು. ಬೆಳಗ್ಗೆ ಜೀಪಿನಲ್ಲಿ ಚಾರಣ ಶುರುವಾಗುವ ಮುಳ್ಳೋಡಿಗೆ. ಅಲ್ಲಿ ಗಾರ್ಡ್ ನಮ್ಮ ಟಿಕೆಟ್ ನೋಡಿದರು, ಇಬ್ಬರ ಆಧಾರ್ ನೋಡಿದರು, ಬ್ಯಾಗಿನಲ್ಲಿ ಪ್ಲಾಸ್ಟಿಕ್, ಬಾಟ್ಲಿ ಇದೆಯಾ ಅಂತ ತಡಕಿದರು, ಹೋಗಿ ಅಂದರು. ಸರ್ಕಾರದ ಕಾಡಿನೊಳಗೆ, ರಾಷ್ಟ್ರೀಯ ಉದ್ಯಾನದೊಳಗೆ ಹೋಗೋಕೆ ಅಷ್ಟು ಸಾಕಾಯಿತು. ಒಂಟಿಮರ ದಾಟಿದ ಮೇಲೆ ಹುಲ್ಲಿನ ಗುಡ್ಡ ಶುರುವಾಗುತ್ತೆ, ಇಳುಕಲಿನ ಮಡಿಕೆಯಲ್ಲಿ ಮಾತ್ರ ಶೋಲಾ ಕಾಡು, ಮೇಲೆ ಗಾಳಿ ಎಷ್ಟಿತ್ತು ಅಂದ್ರೆ ರೈನ್‌ಕೋಟ್ ಹಿಡಿದುಕೊಂಡೇ ನಡೆಯಬೇಕು. ಹೋಗಿ ಬರೋಕೆ ಸುಮಾರು 20 ಕಿಲೋಮೀಟರ್. ಕಾಲ್ಚೀಲದೊಳಗೆಲ್ಲಾ ಇಂಬಳ, ಅಂದ್ರೆ ಜಿಗಣೆ. ಇಳಿದಾಗ ಮಂಡಿ ನಡುಗುತ್ತಿತ್ತು, ಆದರೂ ಇಬ್ಬರೂ ಖುಷಿಯಾಗಿದ್ದೆವು.

ಎಸ್.ಕೆ. ಬಾರ್ಡರ್ ಕಡೆಯ ಘಾಟಿ ಇಳಿದು, ಬಜಗೋಳಿ, ಕಾರ್ಕಳ, ಮೂಡಬಿದಿರೆ ದಾಟಿ ಮಂಗಳೂರು ತಲುಪುವಷ್ಟರಲ್ಲಿ ಒಂಬತ್ತು ದಾಟಿತ್ತು. ದಾರಿ ತುಂಬ ಏನು ತಿನ್ನೋಣ ಅನ್ನೋದೇ ಮಾತು. ರೂಮಿಗೆ ಮೊದಲೇ ಪೂರ್ತಿ ದುಡ್ಡು ಕಟ್ಟಿದ್ದೆವು, ವಾಪಸ್ ಬರದ ದುಡ್ಡು.

ರಿಸೆಪ್ಷನ್‌ನಲ್ಲಿದ್ದವರು ಇಬ್ಬರ ಆಧಾರ್ ಕೇಳಿದರು. ಕೊಟ್ಟೆವು. ಅವರು ಕಾರ್ಡ್ ಕೈಯಲ್ಲಿ ಹಿಡಿದುಕೊಂಡು ನನ್ನ ಕುತ್ತಿಗೆ ನೋಡಿದರು. ಮುಖ ನೋಡಲಿಲ್ಲ. ಕುತ್ತಿಗೆ, ಆಮೇಲೆ ಕೈ, ಆಮೇಲೆ ಕಾಲು. ನನ್ನ ಕಾಲಲ್ಲಿ ಇಂಬಳ ಕಚ್ಚಿದ ಕಡೆ ಇನ್ನೂ ರಕ್ತ ಒಸರುತ್ತಿತ್ತು. ಅವರು ಹುಡುಕಿದ್ದು ಕಾಲುಂಗುರ.

"ಅಡ್ರೆಸ್ ಬೇರೆ ಬೇರೆ ಉಂಟಲ್ಲ ಮೇಡಂ?"

ಮದುವೆಯಾದ ಮೇಲೆ ನಾನು ಆಧಾರ್ ಬದಲಾಯಿಸಿಲ್ಲ ಅಂದೆ. ಕೇರ್ ಆಫ್ ಅಂತ ಅಪ್ಪನ ಹೆಸರಿದೆ, ಹಾಸನದ ವಿಳಾಸ ಇದೆ. ಹೆಸರು ಬದಲಾಯಿಸಬೇಕು ಅಂತ ಯಾವ ಕಾನೂನೂ ಇಲ್ಲ. ಬದಲಾಯಿಸುವ ಮನಸ್ಸೂ ನನಗಿಲ್ಲ.

"ಮದುವೆ ಸರ್ಟಿಫಿಕೇಟ್ ಉಂಟಾ?"

ಸಬ್‌ರಿಜಿಸ್ಟ್ರಾರ್ ಆಫೀಸಿನ ಸರ್ಟಿಫಿಕೇಟ್ ಮನೆಯಲ್ಲಿ ಬೀರುವಿನಲ್ಲಿದೆ. ಮಳೆಯಲ್ಲಿ ಬೆಟ್ಟ ಹತ್ತುವಾಗ ಅದನ್ನು ಯಾರಾದರೂ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತಾರಾ?

"ಹಾಗಾದ್ರೆ ಫೋಟೋ ಆದ್ರೂ ತೋರಿಸಿ. ನಮ್ಮಲ್ಲಿ ರೂಲ್ಸ್ ಉಂಟು, ಹಾಗೆ ಕೊಡ್ಲಿಕ್ಕೆ ಆಗುದಿಲ್ಲ."

ಹಿಂದೆ ಸೋಫಾದಲ್ಲಿ ಒಂದು ಕುಟುಂಬ ಕೂತಿತ್ತು. ಅಜ್ಜಿ, ಮಕ್ಕಳು, ಎಲ್ಲರೂ. ದೇವಸ್ಥಾನಗಳಿಗೆ ಅಂತ ಬಂದವರಿರಬೇಕು. ಮಾತು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ನನ್ನ ಗಂಡ ಫೋನ್ ತೆಗೆದು ಫೋಟೋ ಹುಡುಕಿದ. ಧಾರೆ ಫೋಟೋ ಸಿಕ್ಕಿತು. ಆ ಮನುಷ್ಯ ಫೋನನ್ನು ಅವನ ಕೈಯಿಂದ ತಗೊಂಡು, ಎರಡು ಬೆರಳಲ್ಲಿ ನನ್ನ ಮುಖ ದೊಡ್ಡದು ಮಾಡಿದರು. ಅಪ್ಪ ಅಮ್ಮ ನೀರು ಬಿಡುತ್ತಿರುವ ಫೋಟೋ ಅದು. ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿದ್ದೇನೆ. ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಪಕ್ಕದಲ್ಲಿದ್ದ ಹುಡುಗನಿಗೆ ತೋರಿಸಿ ತುಳುವಿನಲ್ಲಿ ಏನೋ ಕೇಳಿದರು. ಅವನೂ ನನ್ನನ್ನು ಮೇಲಿಂದ ಕೆಳಗೆ ನೋಡಿ ತಲೆ ಕೆರೆದುಕೊಂಡ.

"ಇದು ಇವರೇನಾ?" ಅಂತ ನನ್ನ ಗಂಡನನ್ನು ಕೇಳಿದರು. ನಾನು ಎದುರಿಗೇ ನಿಂತಿದ್ದೇನೆ. ನನ್ನನ್ನು ಕೇಳಲಿಲ್ಲ.

ಒದ್ದೆ ಕೂದಲು, ಟ್ರ್ಯಾಕ್ ಪ್ಯಾಂಟು, ಮೊಣಕಾಲಿನವರೆಗೆ ಕೆಸರು. ಧಾರೆ ಸೀರೆಯಲ್ಲಿರುವ ಹುಡುಗಿಯ ಥರ ಕಾಣಲು ನಾನೇನು ಮಂಟಪದಿಂದ ಎದ್ದು ಬಂದಿದ್ದೆನಾ? ತಾಳಿ ನಾನು ದಿನಾ ಹಾಕುವುದಿಲ್ಲ. ಅದು ನನ್ನ ಇಷ್ಟ. ಅದನ್ನು ನನ್ನ ಅತ್ತೆಯೇ ಕೇಳುವುದಿಲ್ಲ.

ಕೊನೆಗೆ, "ಬೇಜಾರು ಮಾಡ್ಬೇಡಿ, ನಿಮ್ಮ ತಂದೆಯ ನಂಬರ್ ಕೊಡಿ, ಒಂದು ಮಾತು ಕೇಳಿ ಬಿಡ್ತೇನೆ" ಅಂದರು. ನಾನು ಕೊಡಲ್ಲ ಅಂದೆ. ಕೊಡಲ್ಲ ಅಂದಿದ್ದೇ ಅನುಮಾನಕ್ಕೆ ಕಾರಣವಾಯಿತು. ಆ ಸೋಫಾದ ಅಜ್ಜಿ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ನನ್ನ ಗಂಡ ಸುಸ್ತಾಗಿದ್ದ, ಮುಗೀಲಿ ಅಂತ ಅವನೇ ನಂಬರ್ ಹೇಳಿದ. ಡೆಸ್ಕಿನ ಫೋನ್, ಸ್ಪೀಕರ್ ಆನ್.

"ನಮಸ್ಕಾರ, ಮಂಗಳೂರಿಂದ ಲಾಡ್ಜ್‌ನವರು. ನಿಮ್ಮ ಮಗಳು ಇಲ್ಲಿ ಒಬ್ಬರ ಜೊತೆ ಬಂದಿದ್ದಾರೆ, ನಿಮಗೆ ಗೊತ್ತುಂಟಾ?"

ಒಬ್ಬರ ಜೊತೆ. ಹೀಗೇ ಕೇಳಿದರು. ಇದೇ ಮಾತು.

ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ನಾವು ಬೆಟ್ಟಕ್ಕೆ ಹೋಗಿದ್ದೇವೆ ಅಂತ ಅಪ್ಪನಿಗೆ ಗೊತ್ತು. ಇಡೀ ದಿನ ನೆಟ್‌ವರ್ಕ್ ಇಲ್ಲದೆ ನಾನು ಫೋನ್ ಮಾಡಿರಲಿಲ್ಲ. ಅಪ್ಪ ಕೇಳಿಸಿಕೊಂಡಿದ್ದು ಮಂಗಳೂರು, ಮಗಳು ಅಷ್ಟೇ. "ಏನಾಯ್ತು ಸಾರ್? ಬಿದ್ಲಾ? ಯಾವ ಆಸ್ಪತ್ರೆ?" ಅಂತ ನಡುಗುವ ದನಿಯಲ್ಲಿ ಕೇಳಿದರು. ನಾನು "ಅಪ್ಪಾ, ಏನಿಲ್ಲಪ್ಪಾ, ಚೆನ್ನಾಗಿದೀನಿ" ಅಂತ ಕೌಂಟರ್ ಮೇಲೆ ಬಗ್ಗಿ ಕೂಗಿದೆ. ವಿಷಯ ಅರ್ಥ ಆಗೋಕೆ ಅಪ್ಪನಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಆಮೇಲೆ "ಅವರು ನನ್ನ ಅಳಿಯ ಸ್ವಾಮೀ" ಅಂದರು. ಸ್ವಾಮೀ ಅಂದರು! ಮೂವತ್ತಕ್ಕೂ ಹೆಚ್ಚು ವರ್ಷ ಮೇಷ್ಟ್ರಾಗಿದ್ದ ಮನುಷ್ಯ, ಯಾರೋ ಗುರುತಿಲ್ಲದವರ ಮುಂದೆ ತನ್ನ ಮಗಳ ಪರವಾಗಿ ಸ್ವಾಮೀ ಅಂತ ಬೇಡಿಕೊಳ್ಳಬೇಕಾಯಿತು.

ಆಗ ಕೀ ಕೊಟ್ಟರು. "ಥ್ಯಾಂಕ್ಯೂ ಸರ್" ಅಂದರು, ನನ್ನ ಗಂಡನಿಗೆ.

ಒಂದು ವಿಷಯ ಯಾರಾದರೂ ನನಗೆ ಬಿಡಿಸಿ ಹೇಳಿ. ಮದುವೆ ಇಬ್ಬರಿಗೂ ಆಗಿದೆ ಅಲ್ವಾ? ಅವನ ಮೈಮೇಲೆ ಒಂದು ಗುರುತೂ ಇಲ್ಲ. ಅವನ ಕುತ್ತಿಗೆ ಯಾರೂ ನೋಡಲಿಲ್ಲ, ಅವನ ಅಪ್ಪನ ನಂಬರ್ ಯಾರೂ ಕೇಳಲಿಲ್ಲ. ಎಲ್ಲಾ ಪ್ರಶ್ನೆ ನನ್ನ ಮೇಲೆ, ಎಲ್ಲಾ ಉತ್ತರ ಅವನಿಂದ. ರೂಮಿಗೆ ಹೋದ ಮೇಲೆ ಅವನು "ಬಿಡು, ಅವರ ಕೆಲಸ ಅವರು ಮಾಡಿದರು" ಅಂದ. ಆ ಮಾತಿಗೆ ಇವತ್ತಿನವರೆಗೂ ನಾನು ಅವನ ಜೊತೆ ಸರಿಯಾಗಿ ಮಾತಾಡಿಲ್ಲ. ಅವನಿಗೂ ಅವಮಾನ ಆಗಿದೆ, ನನಗೆ ಗೊತ್ತು. ಆದರೂ ಯಾರ ಕೆಲಸ ಇದು? ಲಾಡ್ಜಿನ ಕೆಲಸ ಗುರುತಿನ ಚೀಟಿ ನೋಡಿ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುವುದು. ಮದುವೆ ಆಗಿರಬೇಕು ಅನ್ನುವ ಕಾನೂನೇ ಇಲ್ಲ. 2019ರಲ್ಲಿ ಕೊಯಮತ್ತೂರಿನ ಒಂದು ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ ಇದನ್ನೇ ಹೇಳಿದೆ, ಮದುವೆಯಾಗದ ಜೋಡಿ ಹೋಟೆಲ್ ರೂಮಿನಲ್ಲಿ ಇರುವುದು ಅಪರಾಧ ಅಲ್ಲ ಅಂತ. ಮದುವೆಯಾಗದವರಿಗೇ ಅಪರಾಧ ಅಲ್ಲದ್ದು, ಮದುವೆಯಾದ ನಾನು ಯಾಕೆ ಸಾಬೀತು ಮಾಡಬೇಕಿತ್ತು? ಅಷ್ಟೇ ಅಲ್ಲ, ನನ್ನ ಜಾಗದಲ್ಲಿ ನಿಜವಾಗಿಯೂ ಮದುವೆಯಾಗದ ಹುಡುಗಿ ಇದ್ದಿದ್ದರೆ? ಅವಳ ಅಪ್ಪನಿಗೆ ಆ ಫೋನ್ ಹೋಗಿದ್ದರೆ? ಅವಳ ಗತಿ ಏನಾಗುತ್ತಿತ್ತು ಅಂತ ಅವರು ಯೋಚಿಸಿದ್ದಾರಾ?

ಬೆಳಗ್ಗೆ ಮ್ಯಾನೇಜರ್ ಹತ್ತಿರ ಕೇಳಿದೆ. "ಗಲಾಟೆ ಆಗ್ತದೆ ಮೇಡಂ, ಹೊರಗಿನವರು ಬಂದು ಕೇಳ್ತಾರೆ, ನಮ್ಮ ಬೋರ್ಡು ಒಡೆದ್ರೆ ಯಾರು ಕೊಡುದು?" ಅಂದರು. ಈ ಮಾತಿಗೆ ನನಗೆ ತಕ್ಷಣ ಉತ್ತರ ಸಿಗಲಿಲ್ಲ. ಯಾಕಂದ್ರೆ ಅದು ಸುಳ್ಳಲ್ಲ. 2009ರ ಜನವರಿ 24ರಂದು ಇದೇ ಊರಿನ ಪಬ್‌ನಲ್ಲಿ ಹುಡುಗಿಯರನ್ನು ಎಳೆದಾಡಿ ಹೊಡೆದಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. 2018ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2012ರ ಜುಲೈನಲ್ಲಿ ಪಡೀಲಿನ ಹೋಂಸ್ಟೇಗೆ ನುಗ್ಗಿ ಬರ್ತ್‌ಡೇ ಮಾಡುತ್ತಿದ್ದವರಿಗೆ ಹೊಡೆದರು. ಹೀಗಿರುವಾಗ ಲಾಡ್ಜಿನವರು ಹೆದರುತ್ತಾರೆ, ಒಪ್ಪಿದೆ. ಆದರೆ ಹೆದರಿಕೆ ನಿಮ್ಮದು, ತಪಾಸಣೆ ಯಾಕೆ ನನ್ನದು? ಗಲಾಟೆ ಮಾಡುವವರ ಅಪ್ಪನಿಗೆ ನೀವು ಫೋನ್ ಮಾಡುತ್ತೀರಾ? ಸುಮ್ನೆ ಇರುವ ಹೆಂಗಸಿನ ಅಪ್ಪನಿಗೆ ಮಾಡುತ್ತೀರಿ.

ಆ ರಾತ್ರಿ ಬೇರೆ ಕಡೆ ಹೋಗಬೇಕಿತ್ತು ಅಂತ ನೀವು ಹೇಳಬಹುದು. ಎಲ್ಲಿಗೆ? ಮೈಯೆಲ್ಲಾ ಒದ್ದೆ, ಕಾಲು ಎತ್ತಿಡಲು ಆಗುತ್ತಿಲ್ಲ, ಹೊರಗೆ ಮಳೆ ಸುರಿಯುತ್ತಿದೆ. ಬೇರೆ ಕಡೆಯೂ ಇದೇ ಪ್ರಶ್ನೆ ಕೇಳುವುದಿಲ್ಲ ಅಂತ ಏನು ಗ್ಯಾರಂಟಿ? ಸ್ನಾನ ಮಾಡಿ ಇಳಿಯುವಷ್ಟರಲ್ಲಿ ನಾವು ಅಂದುಕೊಂಡಿದ್ದ ಹೋಟೆಲಿನ ಅಡುಗೆಮನೆ ಮುಚ್ಚಿತ್ತು. ಬ್ಯಾಗಿನಲ್ಲಿ ಉಳಿದಿದ್ದ ಚಿಕ್ಕಿ, ಬಾಳೆಹಣ್ಣು ತಿಂದು ಮಲಗಿದೆವು. ಮಾರನೇ ದಿನ ಮಧ್ಯಾಹ್ನ ಒಂದು ಚಿಕ್ಕ ಬಾರ್ ಅಂಡ್ ರೆಸ್ಟೋರೆಂಟ್‌ಗೆ ಹೋದೆವು. ಅಲ್ಲಿಯ ಸಪ್ಲೈಯರ್ ಪುಣ್ಯಾತ್ಮ, ಒಂದು ಪ್ರಶ್ನೆ ಕೇಳದೆ ಎರಡು ಗ್ಲಾಸ್ ಇಟ್ಟು, "ಕಾಣೆ ಒಳ್ಳೇದು ಬಂದಿದೆ, ರವಾ ಫ್ರೈ ಮಾಡಿಸ್ಲಾ? ಬಂಗುಡೆ ಪುಳಿಮುಂಚಿ ಕೂಡ ಉಂಟು" ಅಂದರು. ಕಾಣೆಯ ಮುಳ್ಳು ಒಂದೇ ಸಲಕ್ಕೆ ಬಿಡಿಸಿಕೊಂಡು ಬಂತು, ಅಷ್ಟು ತಾಜಾ. ಪುಳಿಮುಂಚಿಯ ಖಾರ, ಹುಳಿ ಎಲ್ಲಾ ಸರಿಯಾಗಿತ್ತು. ನನಗೆ ನಾಲಿಗೆಗೆ ಹತ್ತಲಿಲ್ಲ. ಬಿಯರ್ ಗ್ಲಾಸ್ ಎತ್ತಿದಾಗೆಲ್ಲಾ ಪಕ್ಕದ ಟೇಬಲ್‌ನವರು ನನ್ನ ಕುತ್ತಿಗೆ ನೋಡುತ್ತಿದ್ದಾರಾ ಅಂತ ನಾನೇ ತಿರುಗಿ ತಿರುಗಿ ನೋಡಿದೆ. ಯಾರೂ ನೋಡುತ್ತಿರಲಿಲ್ಲ. ನನ್ನೊಳಗೆ ಇಂಥದ್ದೊಂದು ಭಯ ಹುಟ್ಟಿಸಿ ಕಳಿಸಿದ್ದಾರಲ್ಲ, ಅದಕ್ಕೆ ನನಗೆ ಜಾಸ್ತಿ ಕೋಪ.

ಸಂಜೆ ಅಪ್ಪ ಫೋನ್ ಮಾಡಿದರು. "ಪುಟ್ಟಾ, ಹೊರಗೆ ಹೋಗುವಾಗ ಆದ್ರೂ ತಾಳಿ ಹಾಕ್ಕೊಂಡು ಹೋಗವ್ವಾ" ಅಂದರು, ಮೆತ್ತಗೆ. ನಾನು ಅತ್ತುಬಿಟ್ಟೆ. ನನಗೆ ಓದಿಸಿ, ಒಬ್ಬಳನ್ನೇ ಬೆಂಗಳೂರಿಗೆ ಕಳಿಸಿ, ಯಾವತ್ತೂ ಇದು ಹಾಕು ಅದು ಹಾಕಬೇಡ ಅನ್ನದ ಅಪ್ಪ. ಒಂದು ಫೋನ್ ಕಾಲ್ ಅವರ ಬಾಯಲ್ಲಿ ಈ ಮಾತು ತರಿಸಿತು.

ಇನ್ನು ಮೇಲೆ ಹೋಗುವುದೇ ಬೇಡ ಅಂತ ನಿನ್ನೆ ರಾತ್ರಿ ಅನಿಸಿತ್ತು. ಬೆಟ್ಟ ಹತ್ತಿ ಸುಮ್ನೆ ಮನೆಗೆ ಬರೋದು. ಜಗಳ ಆಡಿ ಯಾರು ಗೆದ್ದಿದ್ದಾರೆ, ಒಂದು ಸಲ ಸರ್ಟಿಫಿಕೇಟ್ ಫೋಟೋ ಫೋನಲ್ಲಿ ಇಟ್ಟುಕೊಂಡರೆ ಆಯ್ತು ಅಂತಲೂ ಅನಿಸಿತು. ಬೆಳಗ್ಗೆ ಬೀರು ತೆಗೆದು ಸರ್ಟಿಫಿಕೇಟ್ ಹೊರಗೂ ತೆಗೆದೆ. ಫೋಟೋ ತೆಗೆಯಲು ಕೈ ಬರಲಿಲ್ಲ. ಹಾಗೇ ಒಳಗಿಟ್ಟೆ. ನಾನು ಇಟ್ಟುಕೊಳ್ಳುವುದಿಲ್ಲ. ತಾಳಿಯನ್ನೂ ಇವರಿಗಾಗಿ ಹಾಕುವುದಿಲ್ಲ. ಲಾಡ್ಜಿನವರಿಗೆ ಮೇಲ್ ಹಾಕಿದ್ದೇನೆ, ನನ್ನ ಅಪ್ಪನಿಗೆ ಅವರು ಅದೇ ಡೆಸ್ಕಿನಿಂದ ಫೋನ್ ಮಾಡಿ ಕ್ಷಮೆ ಕೇಳಬೇಕು ಅಂತ. ನಂಬರ್ ಅವರ ಹತ್ತಿರ ಇದೆ. ಇಲ್ಲಿಯವರೆಗೆ ಉತ್ತರ ಬಂದಿಲ್ಲ.

ಮಳೆ ಪೂರ್ತಿ ನಿಂತ ಮೇಲೆ ಮತ್ತೆ ಆ ಕಡೆ ಹೋಗುತ್ತೇವೆ. ಆ ಮೀನನ್ನು ನಾನು ಸಮಾಧಾನವಾಗಿ ಕೂತು ತಿನ್ನಬೇಕು. ಮಂಗಳೂರಿನಲ್ಲಿ ಇಬ್ಬರ ಆಧಾರ್ ನೋಡಿ, ಬೇರೇನೂ ಕೇಳದೆ ಕೀ ಕೊಡುವ ಜಾಗ ಯಾವುದಿದೆ? ಗೊತ್ತಿದ್ದವರು ಹೆಸರು ಬರೆಯಿರಿ. ಅಲ್ಲಿ ರೂಮು ಎಷ್ಟೇ ಸಣ್ಣದಿದ್ದರೂ ಪರವಾಗಿಲ್ಲ.