ನಾಯಿಯೊಂದಿಗೆ ನಡೆಯುವುದೆಲ್ಲಿ?

ಪಕ್ಕದ ಮನೆಯ ಅಜ್ಜಿಗೆ ಮಂಡಿನೋವು ಇರುವುದರಿಂದ ಅವರ ಲ್ಯಾಬ್ರಡಾರ್ ನಾಯಿಯನ್ನು ಬೆಳಗ್ಗೆ ಸುತ್ತಾಡಿಸುವ ಕೆಲಸವನ್ನು ನಾನು ಸಂತೋಷದಿಂದಲೇ ವಹಿಸಿಕೊಂಡಿದ್ದೇನೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕುಳಿತು ಜಡ್ಡುಗಟ್ಟಿದ ಮೈಗೆ ವ್ಯಾಯಾಮವೂ ಬಾಡಿಗೆ ಕೋಣೆಯ ಒಂಟಿತನಕ್ಕೆ ಜೊತೆಯೂ ಅದರಿಂದ ಸಿಗುತ್ತವೆ. ಆದರೆ ಈ ಊರಿನಲ್ಲಿ ನಡೆಯುವುದಕ್ಕೆ ಜಾಗವಾದರೂ ಎಲ್ಲಿದೆ?

ಬಡಾವಣೆಯ ಉದ್ಯಾನದ ಗೇಟಿನಲ್ಲೇ ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂಬ ಫಲಕ ನೇತಾಡುತ್ತದೆ. ಲಾಲ್‌ಬಾಗ್‌ನೊಳಗೂ ಸಾಕುಪ್ರಾಣಿಗಳನ್ನು ಬಿಡುವುದಿಲ್ಲ. ಕಬ್ಬನ್ ಪಾರ್ಕಿಗೆ ಹೋಗೋಣವೆಂದರೆ ಮೆಟ್ರೋದಲ್ಲಿ ನಾಯಿಗೆ ಅವಕಾಶವಿಲ್ಲ, ಜಯನಗರದಿಂದ ಅಲ್ಲಿಗೆ ಬರಲು ಒಪ್ಪುವ ಆಟೋ ಹುಡುಕುವಷ್ಟರಲ್ಲಿ ಬಿಸಿಲೇರಿ, ಕಾದ ಡಾಂಬರಿನ ಮೇಲೆ ಆ ಬಡಪಾಯಿಯ ಅಂಗಾಲು ಸುಡತೊಡಗುತ್ತದೆ.

ಉಳಿದದ್ದು ಪಾದಚಾರಿ ಮಾರ್ಗ. ಅಲ್ಲಿ ಸರಿದ ಕಲ್ಲುಚಪ್ಪಡಿ, ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಸ್ಕೂಟರ್‌ಗಳನ್ನು ಬಳಸಿಕೊಂಡು, ಪ್ರತಿ ತಿರುವಿನಲ್ಲೂ ತಮ್ಮ ಸರಹದ್ದು ಕಾಯುವ ಬೀದಿನಾಯಿಗಳನ್ನು ತಪ್ಪಿಸಿಕೊಂಡು ಸಾಗಬೇಕು. ನಾಯಿಯ ಹೇಸಿಗೆಯನ್ನು ನಾನು ತಪ್ಪದೆ ಚೀಲಕ್ಕೆ ಎತ್ತಿಕೊಳ್ಳುತ್ತೇನೆ, ಅದನ್ನು ಹಾಕಲು ದಾರಿಯಲ್ಲೆಲ್ಲೂ ಕಸದ ಡಬ್ಬಿ ಇರುವುದಿಲ್ಲ. ಚೀಲ ಕೈಯಲ್ಲಿ ಹಿಡಿದೇ ಹಿಂತಿರುಗುವವನನ್ನು ಗೇಟಿನ ಬಳಿ ತಡೆದು, ‘ನಮ್ಮ ಮನೆ ಮುಂದೆ ಮಾಡಿಸಬೇಡಿ’ ಎಂದು ಗದರುವವರಿಗೆ ಮಾತ್ರ ಕೊರತೆಯಿಲ್ಲ. (ಅದೇ ಗೇಟಿನ ಪಕ್ಕದ ಗೋಡೆಗೆ ಮನುಷ್ಯರು ಮಾಡುವುದನ್ನು ಯಾರೂ ಕೇಳುವುದಿಲ್ಲ.)

ಸಾಕುನಾಯಿಗಳನ್ನು ಉದ್ಯಾನಗಳಿಂದ ನಿಷೇಧಿಸುವುದು ದೂರದೃಷ್ಟಿಯಿಲ್ಲದ ಕ್ರಮ, ಬೇಕಿದ್ದರೆ ನಿವಾಸಿಗಳ ಒಮ್ಮತದಿಂದ ವೇಳೆ ಗೊತ್ತುಮಾಡಿ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರ ಮಾರ್ಗಸೂಚಿಯಲ್ಲೇ ಹೇಳಿದೆ. ಅದರ ಪ್ರತಿಯನ್ನು ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಪದಾಧಿಕಾರಿಗಳಿಗೆ ಕೊಟ್ಟೆ. ‘ನಾಯಿ ನಿಮ್ಮದೇ ಅಲ್ಲವಲ್ಲ, ನಿಮಗೇಕೆ ಈ ಉಸಾಬರಿ?’ ಎಂಬುದಷ್ಟೇ ಅವರ ಉತ್ತರವಾಗಿತ್ತು.